ಕೆಜ್ಜಿ ಕೂಡಿಸಿದ ಗಂಟೆ

ಪೋರ್ತ್‌ಕೆಲ್‌ನಲ್ಲಿ ಸಮುದ್ರ ತಾನಾಗಿ ಇಳಿಯುವುದಿಲ್ಲ, ಕೆಜ್ಜಿಯನ್ನು ಒಂದು ಮಾತು ಕೇಳಿಕೊಂಡು ಇಳಿಯುತ್ತದೆ ಎಂದು ನೆರೆಹೊರೆಯವರು ಹೇಳುತ್ತಿದ್ದರು. ಬ್ರೆಡ್ಡಿನ ಅಂಗಡಿಯ ಮುಂದೆ ನಿಂತಾಗ ಹೇಳುತ್ತಿದ್ದರು, ಚಾಪೆಲ್ಲಿನಲ್ಲಿ ಪ್ರಾರ್ಥನೆ ಮುಗಿಸಿ ಹೊರಗೆ ಬರುವಾಗ ಹೇಳುತ್ತಿದ್ದರು, ಅವಳೇ ಎದುರಿಗೆ ಬಂದುಬಿಟ್ಟರೆ ಇನ್ನಷ್ಟು ಗಂಟಲು ತೆರೆದು ಹೇಳುತ್ತಿದ್ದರು.

"ಏನ್ ಕೆಜ್ಜಿ ಅತ್ತೆ, ಇವತ್ತು ಸಮುದ್ರಕ್ಕೆ ರಜಾ ಕೊಟ್ರಾ?"

"ನಿನ್ನ ನಾಲಿಗೆಗೆ ಕೊಟ್ಟಿದ್ದೆ. ತಗೊಳ್ಳೋದೇ ಇಲ್ಲವಲ್ಲ ಅದು," ಎನ್ನುತ್ತ ಕೆಜ್ಜಿ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ಹೋಗುತ್ತಿದ್ದಳು.

ಪಕ್ಕದ ಮನೆಯ ಲವ್‌ಡೇ ಪೆಂಡರ್ ಇನ್ನೂ ಒಂದು ಹೆಜ್ಜೆ ಮುಂದೆ. "ಹೆಡ್ಲಿ ಟ್ರೆವಿನ್ ಬೆಟ್ಟದ ಮೇಲಿಂದ ಹೆಂಡತೀನ ತರ್ತೀನಿ ಅಂತ ಹೋದ, ಪಂಚಾಂಗ ಎತ್ಕೊಂಡು ಬಂದ. ಪಾಪ, ಮುತ್ತು ಬೇಕಿದ್ರೂ ಇಳಿತದ ಹೊತ್ತಿಗೇ ಕೇಳಬೇಕು," ಎಂದು ಅವಳು ಬಟ್ಟೆ ಒಣಹಾಕುತ್ತ ಮೂರು ಮನೆಗೆ ಕೇಳುವಂತೆ ಹೇಳುತ್ತಿದ್ದಳು. ಕೆಜ್ಜಿಗೆ ಇದೆಲ್ಲ ಬೇಸರ ತರಿಸಲಿಲ್ಲ. ಊರು ತನ್ನನ್ನು ಹೀಗೆ ಆಡಿಕೊಳ್ಳುವುದು ಅವಳಿಗೆ ಬೆಳಗಿನ ಚಹಾದ ಹಾಗೆ ಅಭ್ಯಾಸವಾಗಿತ್ತು. ಒಂದು ದಿನ ಯಾರೂ ಏನೂ ಅನ್ನದಿದ್ದರೆ ಮೈಯಲ್ಲಿ ಏನೋ ಕಡಿಮೆ ಎನಿಸುತ್ತಿತ್ತು.

ಕಾರ್ನ್‌ವಾಲಿನ ಉತ್ತರದ ಕಡಲಂಚಿನಲ್ಲಿ ಬಂಡೆ ಎರಡಾಗಿ ಸೀಳಿದ ಕಡೆ ಈ ಊರು ಕೂತಿದೆ. ಸೀಳಿನ ಬಾಯಿಗೆ ಹಳೆಯ ಕಾಲದವರು ಕಟ್ಟೆ ಕಟ್ಟಿದ್ದಾರೆ. ಅದರ ಕಪ್ಪು ಕಲ್ಲುಗಳನ್ನು ಮಲಗಿಸದೆ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ ಬಿಗಿದಿದ್ದಾರೆ. ಅದನ್ನು ನೋಡಲೆಂದೇ ಬೇಸಿಗೆಯಲ್ಲಿ ಜನ ಬಂದು ಇಳಿಯುತ್ತಾರೆ. ನೀರು ತುಂಬಿದಾಗ ಅದು ಬಂದರು. ನೀರು ಹೋದಾಗ ಬರೀ ಮರಳು, ನಡುವೆ ಹಳ್ಳದ ನೀರು ಹರಿಯುವ ಒಂದು ತೋಡು, ಪಕ್ಕಕ್ಕೆ ವಾಲಿ ಮಲಗಿದ ದೋಣಿಗಳು, ಅವುಗಳ ಹಗ್ಗಕ್ಕೆ ಸುತ್ತಿಕೊಂಡ ಪಾಚಿ.

ಅಂಗಡಿ, ಚಾಪೆಲ್ಲು, ಪಬ್ಬು, ರಸ್ತೆ ಎಲ್ಲ ಪಡುವಣ ದಡದಲ್ಲಿ. ಮೂಡಣ ದಡದಲ್ಲಿ ಬಂಡೆಯ ಬುಡಕ್ಕೆ ಅಂಟಿಕೊಂಡ ಕೆಲವೇ ಮನೆಗಳು. ಅಲ್ಲಿಗೆ ಹೋಗಲು ಬಂಡೆ ಕಡಿದು ಮಾಡಿದ ಮೆಟ್ಟಿಲುಂಟು. ಆದರೆ ಅದರ ಮೇಲೆ ಛತ್ರಿ ಬಿಚ್ಚಿಕೊಂಡು ನಡೆಯಲು ಆಗುವುದಿಲ್ಲ, ಅಷ್ಟು ಇಕ್ಕಟ್ಟು. ಹಾಗಾಗಿ ಮಂಚ, ಒಲೆ, ಮದುಮಗಳು, ಹೆಣ, ಯಾವುದೇ ಇರಲಿ, ಮೂಡಣದವರ ಮನೆಗೆ ಬರುವುದೂ ಅಲ್ಲಿಂದ ಹೋಗುವುದೂ ನೀರಿಳಿದ ಮೇಲೆ ಬಂದರಿನ ಮರಳಿನ ಮೇಲೇ.

ಟ್ರೆವಿನ್‌ರ ಮನೆಯ ಗೋಡೆಗೆ ಬಾಗಿಲಷ್ಟು ದೊಡ್ಡ ಕಪ್ಪು ಕಲ್ಲಿನ ಹಲಗೆಯೊಂದನ್ನು ಕಬ್ಬಿಣದ ಕೊಕ್ಕೆಯಲ್ಲಿ ತೂಗುಹಾಕಿದ್ದರು. ಸಮುದ್ರ ಪೂರ್ತಿ ಇಳಿಯುವ ಹೊತ್ತನ್ನು ದಿನಾ ಬೆಳಿಗ್ಗೆ ಅದರ ಮೇಲೆ ಸೀಮೆಸುಣ್ಣದಿಂದ ಬರೆಯಬೇಕು. ಪಡುವಣ ದಡದಲ್ಲಿ ನಿಂತವರಿಗೂ ಕಾಣುವಷ್ಟು ದೊಡ್ಡ ಅಂಕೆ. ಮೊದಲು ಹೆಡ್ಲಿಯ ಅಪ್ಪ ಬರೆಯುತ್ತಿದ್ದ. ಕೆಜ್ಜಿ ಮದುವೆಯಾಗಿ ಬಂದ ವರ್ಷ ಅವನ ಕೈ ನಡುಗತೊಡಗಿತು, ಸೀಮೆಸುಣ್ಣ ಸೊಸೆಯ ಕೈಗೆ ಬಂತು. ಕೆಜ್ಜಿಯ ಪೂರ್ತಿ ಹೆಸರು ಕೆಜಾಯಾ, ಬೆಟ್ಟದ ಮೇಲೆ ದನದ ಕೊಟ್ಟಿಗೆಯಲ್ಲಿ ಬೆಳೆದ ಹುಡುಗಿ, ಸಮುದ್ರವನ್ನು ದೂರದಿಂದ ಬಿಟ್ಟರೆ ನೋಡಿದವಳಲ್ಲ. ಇದೊಂದು ಕೆಲಸದಿಂದ ಅವಳು ಊರಿನವಳಾದಳು. ಮಕ್ಕಳಾಗಲಿಲ್ಲ. ಹಲಗೆ ಇತ್ತು.

ಬರೆಯುವುದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಬಂದರು ಸಮಿತಿಯವರು ವರ್ಷಕ್ಕೊಮ್ಮೆ ಅಚ್ಚುಹಾಕಿಸುವ ಸಣ್ಣ ಪುಸ್ತಕವನ್ನು ನೋಡಿ ಬರೆಯಬೇಕು. ಒಂದೇ ಒಂದು ತೊಡಕು. ಆ ದೇಶದಲ್ಲಿ ಮಾರ್ಚ್ ಕೊನೆಗೆ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಚಳಿಗಾಲ ಬರುವಾಗ ಹಿಂದಕ್ಕೆ ತರುತ್ತಾರೆ. ಸಮುದ್ರ ಇದಕ್ಕೆ ಒಪ್ಪಿಲ್ಲ, ಪುಸ್ತಕವೂ ಒಪ್ಪಿರಲಿಲ್ಲ. ಅದರಲ್ಲಿ ವರ್ಷವಿಡೀ ಹಳೆಯ ಗಂಟೆಯೇ. ಬೇಸಿಗೆಯಲ್ಲಿ ನೋಡುವವರು ಮನಸ್ಸಿನಲ್ಲೇ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಹೊರಗಿನಿಂದ ಬಂದವರು ಇದನ್ನು ಮರೆತು ತೊಡೆಮಟ್ಟ ನೀರಿನಲ್ಲಿ ಬೂಟು ಎತ್ತಿ ಹಿಡಿದುಕೊಂಡು ಕಿರುಚುತ್ತಿದ್ದರು. ಊರಿನವರು ಮರೆಯುತ್ತಿರಲಿಲ್ಲ. ಕೆಜ್ಜಿಗಂತೂ ಕೂಡಿಸುತ್ತಿದ್ದೇನೆ ಎನ್ನುವುದೂ ತಿಳಿಯುತ್ತಿರಲಿಲ್ಲ. ಕಣ್ಣು ಮೂರು ಎಂದು ಓದಿದರೆ ಕೈ ತಾನೇ ನಾಲ್ಕು ಎಂದು ಬರೆಯುತ್ತಿತ್ತು.

ಹೆಡ್ಲಿ ಏಡಿ ಹಿಡಿಯುವವನು. ಗಾರ್ಫೀಲ್ಡ್ ಕೀಸ್ಟ್ ಎಂಬ ದಪ್ಪ ಆಳು ಅವನ ದೋಣಿಯ ಜೊತೆಗಾರ. ಇಬ್ಬರೂ ಕತ್ತಲಿರುವಾಗಲೇ ಹೊರಟು, ನೀರೇರುವ ಹೊತ್ತಿಗೆ ಬಂದರಿನ ಬಾಯೊಳಗೆ ತೇಲಿ ಬಂದು, ಮೂಡಣ ಗೋಡೆಯ ಕಬ್ಬಿಣದ ಬಳೆಗೆ ದೋಣಿ ಕಟ್ಟುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಹೆಡ್ಲಿಯ ಎದೆ ಕೆಟ್ಟಿತು. ಆ ಚಳಿಗಾಲವೆಲ್ಲ ಅವನು ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ. ಹಲಗೆಯನ್ನು ಬರೆಯಲು ಕೆಜ್ಜಿಗೆ ಪುರುಸೊತ್ತಾಗಲಿಲ್ಲ. ಚಳಿಗಾಲದಲ್ಲಿ ಪ್ರವಾಸಿಗಳೂ ಇಲ್ಲ, ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಅವಳು ಗಂಜಿಯ ಬಟ್ಟಲು ಹಿಡಿದು ಕೂತಿದ್ದಾಗ ಅವನು ಕಣ್ಣು ಬಿಟ್ಟ.

"ಏ ಹುಡುಗಿ."

ಕೂದಲು ಪೂರ್ತಿ ಬೆಳ್ಳಗಾದರೂ ಅವನ ಬಾಯಲ್ಲಿ ಅವಳು ಹುಡುಗಿಯೇ.

"ಏನು?"

"ಹದಿನಾಲ್ಕನೇ ವಯಸ್ಸಿಂದ ನನ್ನ ಕಾಲುಚೀಲ ಒಂದು ದಿನ ನೆಟ್ಟಗೆ ಒಣಗಿದ್ದಿಲ್ಲ."

"ನನಗೆ ಹೇಳ್ತೀಯಾ? ಒಗೆದೋಳು ನಾನು."

"ಸಾಕಾಗಿದೆ ಕಣೇ ಒದ್ದೆ. ನನ್ನನ್ನ ಒಣಗಿದ ಹಾಗೆ ದಾಟಿಸು. ಒಂದು ಹನಿ ತಾಗಬಾರದು."

ಅವಳು ಚಮಚವನ್ನು ಬಟ್ಟಲಿನ ಅಂಚಿಗೆ ಒರೆಸಿದಳು. "ಗಂಜಿ ಕುಡಿ ಮೊದಲು."

"ಮಾತು ಕೊಡು."

"ಹಲಗೆ ಬರೆಯೋಳು ನಾನು ತಾನೆ? ಕೊಟ್ಟೆ."

"ಅದಕ್ಕೇ ನಿನಗೆ ಹೇಳಿದ್ದು. ಗಾರ್ಫೀಲ್ಡ್‌ಗೆ ಹೇಳಿದ್ರೆ ಪಬ್ಬು ತೆಗೆಯೋ ಹೊತ್ತು ನೋಡಿ ದಾಟಿಸ್ತಾನೆ," ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ಬಿಡಲಿಲ್ಲ.

ಗಡಿಯಾರಗಳನ್ನು ಮುಂದಕ್ಕೆ ತಿರುಗಿಸಿದ ವಾರದಲ್ಲೇ ಹೆಡ್ಲಿ ಹೋದ. ಬೆಳಕು ಹರಿಯುವ ಮುಂಚೆ ಉಸಿರು ನಿಂತಿತು. ಕೆಜ್ಜಿ ಅವನ ಕಣ್ಣು ಮುಚ್ಚಿದಳು, ಒಲೆ ಹೊತ್ತಿಸಿದಳು, ಲವ್‌ಡೇಯ ಬಾಗಿಲು ಬಡಿದಳು. ಲವ್‌ಡೇ ಅಳುತ್ತ ಬಂದು ತಬ್ಬಿಕೊಂಡಾಗ, ಇವಳ ಕೂದಲಿನಿಂದ ಸೀಮೆಎಣ್ಣೆಯ ವಾಸನೆ ಯಾಕೆ ಬರುತ್ತಿದೆ ಎಂದು ಕೆಜ್ಜಿ ಯೋಚಿಸುತ್ತಿದ್ದಳು. ಅಳು ಬರಲಿಲ್ಲ. ನಾಳೆ ಬರಬಹುದು ಎಂದುಕೊಂಡಳು.

ಶವಸಂಸ್ಕಾರದ ಹೊತ್ತು ಗೊತ್ತುಮಾಡಲು ಎಲ್ಲರೂ ಅವಳ ಬಾಯನ್ನೇ ನೋಡಿದರು. ಬೇರೆ ಯಾರನ್ನು ಕೇಳುವುದು? ಗೂಡಿನಲ್ಲಿದ್ದ ಹೊಸ ವರ್ಷದ ಪುಸ್ತಕವನ್ನು ತೆಗೆದಳು. ಅರ್ಧಚಂದ್ರದ ದಿನಗಳು ಹತ್ತಿರ, ನೀರು ಕಡಿಮೆ ಇಳಿಯುವ ಕಾಲ. ಮರಳು ಸ್ವಲ್ಪ ಹೊತ್ತು ಮಾತ್ರ ಬಯಲಾಗಿ ಮತ್ತೆ ಮುಚ್ಚಿಹೋಗುತ್ತದೆ. ಹೊತ್ತು ಸರಿಯಾಗಿ ಹಿಡಿಯಬೇಕು. ಶವಸಂಸ್ಕಾರದ ದಿನದ ಸಾಲಿಗೆ ಬೆರಳಿಟ್ಟು ನೋಡಿದಳು. ಸಂಜೆ ಐದು ಎಂದಿತ್ತು. ಹೊರಗೆ ಹೋಗಿ ಹಲಗೆಯ ಧೂಳು ಒರೆಸಿ, ದೊಡ್ಡದಾಗಿ ಆರು ಎಂದು ಬರೆದಳು.

ಆ ದಿನ ಹೆಣ ಹೊರುವವರು ಮರಳು ದಾಟಿ ಮುಂಚೆಯೇ ಬಂದರು. ಅವರ ಬೂಟು ಒಣಗಿಯೇ ಇತ್ತು. "ಇನ್ನೂ ಇಳಿಯೋದಿದೆ, ಈಗಲೇ ಇಷ್ಟು ಚೆನ್ನಾಗಿದೆ ದಾರಿ," ಎಂದು ಗಾರ್ಫೀಲ್ಡ್ ಸಮಾಧಾನಪಟ್ಟ. ಎಲ್ಲರಿಗೂ ಚಹಾ, ಕೇಸರಿ ಹಾಕಿದ ಬನ್ನು. ಮನೆಯ ಮುಂದಿನ ಎದೆಮಟ್ಟದ ಗೋಡೆಯ ಆಚೆ ಸಮುದ್ರ ಏನು ಮಾಡುತ್ತಿದೆ ಎಂದು ಯಾರೂ ಇಣುಕಲಿಲ್ಲ. ಬಾಗಿಲಲ್ಲಿ ನಿಂತು ಹಾಡುವುದು ಅಲ್ಲಿನ ಕ್ರಮ. ಸತ್ತವನು ಮನೆ ಬಿಡುವ ಮುಂಚೆ ಸ್ತೋತ್ರ ಹಾಡಬೇಕು, ಮೇಲು ಕೆಳಗಿನ ನಾಲ್ಕು ದನಿ ಸೇರಿಸಿ, ಪೂರ್ತಿ ಚರಣಗಳನ್ನೂ. ಹಾಡಿದರು. ಆರು ಹೊಡೆಯಿತು. ಹೊರಟರು.

ಪೋರ್ತ್‌ಕೆಲ್‌ನಲ್ಲಿ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊರುವುದಿಲ್ಲ. ಅದು ಬೆಟ್ಟದ ಮೇಲಿನವರ ರೂಢಿ. ಇಲ್ಲಿ ಕೆಳಗಿನಿಂದ ಬಿಳಿ ಬಟ್ಟೆ ತೂರಿಸಿ, ಎರಡೂ ಕಡೆಯವರು ಅದರ ತುದಿ ಹಿಡಿದು, ಮೊಣಕಾಲಿನ ಮಟ್ಟದಲ್ಲಿ ಒಯ್ಯುತ್ತಾರೆ. ನೆಲಕ್ಕೆ ಹತ್ತಿರವಾಗಿ, ಮಗುವನ್ನು ಜೋಲಿಯಲ್ಲಿ ಎತ್ತಿಕೊಂಡ ಹಾಗೆ.

ಮನೆಯ ಮುಂದಿನ ಮೆಟ್ಟಿಲಿಳಿದು ಮರಳಿನ ಅಂಚಿಗೆ ಬಂದಾಗ ತೋಡಿನ ಎರಡೂ ಬದಿಗೆ ನೀರು ಹರಡಿತ್ತು. ಗಾರ್ಫೀಲ್ಡ್ ನಿಂತ. ಅವನ ಹಿಂದೆ ಎಲ್ಲರೂ ನಿಂತರು.

"ಏನಿದು, ಇಷ್ಟಿದೆ?"

"ಇನ್ನೂ ಇಳಿಯೋದಿದೆ ಮಾರಾಯ. ಕೆಜ್ಜಿ ಅತ್ತೆ ಆರು ಅಂದಿದಾರೆ."

"ಇಳೀತಿರೋ ಥರ ಕಾಣಲ್ಲವಲ್ಲೋ."

"ನೀನು ಜಾಸ್ತಿ ತಿಳಿದೋನಾ, ಅವರಾ?"

ಕಾದರು. ಸುಮ್ಮನೆ ನಿಲ್ಲುವುದು ಹೇಗೆಂದು ಇನ್ನೊಂದು ಸ್ತೋತ್ರ ಎತ್ತಿಕೊಂಡರು. ಹುಟ್ಟಿದಾಗಿನಿಂದ ಸಮುದ್ರ ನೋಡಿದವರು ಅವರು. ಕಾಲಬುಡದಲ್ಲಿ ನೊರೆ ಹಿಂದೆ ಹೋಗುತ್ತಿಲ್ಲ, ಮುಂದೆ ಬರುತ್ತಿದೆ ಎಂದು ಪ್ರತಿಯೊಬ್ಬನ ಕಣ್ಣಿಗೂ ಕಾಣುತ್ತಿತ್ತು. ಆದರೆ ಹಲಗೆ ಆರು ಎಂದಿತ್ತು. ಹಲಗೆ ಎಂದೂ ತಪ್ಪಿದ್ದಿಲ್ಲ. ತಪ್ಪಿದ್ದು ತಮ್ಮ ಕಣ್ಣೇ ಇರಬೇಕು ಎಂದುಕೊಂಡು, ನೀರು ಇಳಿಯಲೆಂದು ಏರುವ ನೀರಿನಲ್ಲಿ ಕಾದರು.

ಪಡುವಣ ಕಟ್ಟೆಯ ಮೇಲೆ ಹಳದಿ ಮಳೆಯಂಗಿ ತೊಟ್ಟ ಪ್ರವಾಸಿ ಹೆಂಗಸೊಬ್ಬಳು ಅದೇ ಪುಸ್ತಕ ಹಿಡಿದು ನಿಂತಿದ್ದಳಂತೆ. ಪಕ್ಕದಲ್ಲಿದ್ದ ಊರಿನವನನ್ನು ಮೆಲ್ಲಗೆ ಕೇಳಿದಳಂತೆ, "ಕ್ಷಮಿಸಿ, ಇದರಲ್ಲಿ ಐದು ಅಂತ ಇದೆಯಲ್ಲ?"

"ಅಮ್ಮಾ, ಅದಕ್ಕೆ ಒಂದು ಗಂಟೆ ಕೂಡಿಸ್ಕೋಬೇಕು. ನಿಮ್ಮಂಥವರಿಗೆ ಗೊತ್ತಾಗಲ್ಲ ಬಿಡಿ," ಎಂದನಂತೆ ಅವನು. ಆಮೇಲೆ ಆ ಮನುಷ್ಯ ಬಹಳ ದಿನ ಯಾರ ಮುಖವನ್ನೂ ನೋಡಲಿಲ್ಲ.

ಕೊನೆಗೆ ಗಾರ್ಫೀಲ್ಡೇ, "ನಡೀರಿ, ಕತ್ತಲಾಗುತ್ತೆ," ಎಂದ. ನಡೆದರು. ನಡುವೆ ತೋಡಿನ ಹತ್ತಿರ ನೀರು ಅವರ ತೊಡೆಗೆ ಬಂತು. ಪೆಟ್ಟಿಗೆಯನ್ನು ಮೇಲಕ್ಕೆ ಎತ್ತಿಕೊಳ್ಳೋಣವೆಂದರೆ ಒದ್ದೆ ಬಟ್ಟೆಯ ಹಿಡಿತ ಬದಲಿಸಬೇಕು, ಕೈ ಜಾರಿದರೆ ಗತಿಯಿಲ್ಲ. ಹಾಡು ಒಬ್ಬೊಬ್ಬರ ಬಾಯಲ್ಲೇ ನಿಂತಿತು. ನೀರಿನ ಸಪ್ಪಳ ಮಾತ್ರ ಉಳಿಯಿತು. ಹಿಂದೆ ಕರಿಯ ಸ್ಕರ್ಟನ್ನು ಎತ್ತಿ ಹಿಡಿಯದೆ ಕೆಜ್ಜಿ ನಡೆದು ಬಂದಳು. ನೀರು ತಣ್ಣಗಿದೆ ಎಂದು ಅವಳಿಗೆ ಗೊತ್ತಾಯಿತು. ಅಷ್ಟೇ ಗೊತ್ತಾದದ್ದು.

ಚಾಪೆಲ್ಲಿನಲ್ಲಿ ಪೆಟ್ಟಿಗೆಯನ್ನು ಕಾಲುಮಣೆಗಳ ಮೇಲಿಟ್ಟರು. ಅದರ ಬುಡದಿಂದ ಹನಿ ಬೀಳುತ್ತಿತ್ತು. ಪಾದ್ರಿ ಮಾತಾಡುತ್ತಲೇ ಇದ್ದರು, ಹೊತ್ತವರು ಕಾಲು ಅಲುಗಿಸಿದರೆ ಬೂಟಿನಿಂದ ಪಚಪಚ ಸದ್ದು ಬರುತ್ತಿತ್ತು. ಮರದ ನೆಲದ ಮೇಲೆ ನೀರು ಮೊದಲು ಕಾಸಿನಗಲವಾಯಿತು, ಆಮೇಲೆ ತಟ್ಟೆಯಗಲವಾಯಿತು, ಆಮೇಲೆ ಸಂದು ಹಿಡಿದು ಹರಿದುಹೋಯಿತು. ಕೆಜ್ಜಿ ಅದನ್ನೇ ನೋಡುತ್ತ ಕೂತಿದ್ದಳು. ಬಿಳಿ ಬಟ್ಟೆಗಳನ್ನು ಸಿಹಿನೀರಿನಲ್ಲಿ ಜಾಲಿಸಬೇಕು, ಇಲ್ಲದಿದ್ದರೆ ಉಪ್ಪಿಗೆ ಗಡುಸಾಗುತ್ತವೆ ಎಂದು ಮನಸ್ಸು ಹೇಳುತ್ತಿತ್ತು.

ಎರಡು ದಿನ ಬಿಟ್ಟು ಬಂದರು ಸಮಿತಿಯ ಕಾರ್ಯದರ್ಶಿ ಕ್ಲಾರೆನ್ಸ್ ಬಂದ. ಟೋಪಿ ಕೈಯಲ್ಲಿ ತಿರುಗಿಸುತ್ತ ಅಡುಗೆಮನೆಯ ಬಾಗಿಲಲ್ಲೇ ನಿಂತ.

"ಕೆಜ್ಜಿ ಅತ್ತೆ, ಈ ವರ್ಷದಿಂದ ಆ ಗಂಟೆ ನಾವೇ ಕೂಡಿಸಿ ಅಚ್ಚುಹಾಕಿಸಿದ್ವಿ. ಹೊರಗಿನವರು ಪದೇ ಪದೇ ಸಿಕ್ಕಿಹಾಕ್ಕೊಳ್ತಿದ್ರು, ನೋಡಿ. ರಕ್ಷಾಪುಟದ ಒಳಗಡೆ ಬರೆದಿದ್ವಿ. ಸಣ್ಣದಾಗಿ."

"ಒಳ್ಳೇದು ಮಾಡಿದ್ರಿ."

"ನಿಮ್ಮ ಹತ್ರ ಬಾಯಲ್ಲೇ ಹೇಳಬೇಕಿತ್ತು. ಹೆಡ್ಲಿ ಮಾವ ಮಲಗಿದ್ರಲ್ಲ, ತೊಂದ್ರೆ ಕೊಡೋದು ಬೇಡ ಅಂತ..."

"ಚಹಾ ಮಾಡ್ಲಾ?"

"ಬೇಡ ಅತ್ತೆ."

"ಹಾಗಾದ್ರೆ ಬಾಗಿಲು ಹಾಕ್ಕೊಂಡು ಹೋಗು. ಗಾಳಿ ಬರ್ತಿದೆ."

ಅವನು ಹೋದ ಮೇಲೆ ಅವಳು ಒದ್ದೆ ಬಟ್ಟೆಯಿಂದ ಹಲಗೆಯ ಮೇಲಿನ ಆರನ್ನು ಒರೆಸಿದಳು. ಮತ್ತೆ ಅದರ ಮೇಲೆ ಬರೆಯಲಿಲ್ಲ. ಕ್ಲಾರೆನ್ಸ್ ಪಡುವಣ ಕಟ್ಟೆಯ ಹತ್ತಿರ ಒಂದು ಗಾಜಿನ ಪೆಟ್ಟಿಗೆ ನಿಲ್ಲಿಸಿ ಅದರೊಳಗೆ ಪುಸ್ತಕದ ಹಾಳೆಗಳನ್ನು ಅಂಟಿಸಿದ. ಜನ ಅದನ್ನು ನೋಡಿಕೊಳ್ಳತೊಡಗಿದರು.

ಊರು ಅವಳನ್ನು ಏನೂ ಅನ್ನಲಿಲ್ಲ. ಅದೇ ಕಷ್ಟವಾದದ್ದು. ಬ್ರೆಡ್ಡಿನ ಅಂಗಡಿಯಲ್ಲಿ ಅವಳು ಕಾಲಿಟ್ಟರೆ ಸಮುದ್ರದ ಮಾತು ನಿಂತು ಆಲೂಗಡ್ಡೆಯ ಮಾತು ಶುರುವಾಗುತ್ತಿತ್ತು. "ಹೇಗಿದೀರಿ ಅತ್ತೆ," ಎಂದು ಮೆತ್ತಗೆ ಕೇಳುತ್ತಿದ್ದರು. ರಜಾ ಕೊಟ್ರಾ ಎಂದು ಯಾರೂ ಕೇಳಲಿಲ್ಲ. ಲವ್‌ಡೇ ಕೂಡ ನಾಲಿಗೆ ಕಚ್ಚಿಕೊಂಡು ಬಟ್ಟೆ ಒಣಹಾಕಿದಳು. ಊರಿಗೆ ಊರೇ ಕಾಯಿಲೆಯವರ ಕೋಣೆಯಲ್ಲಿ ನಡೆಯುವ ಹಾಗೆ ತುದಿಗಾಲಲ್ಲಿ ನಡೆಯುತ್ತಿತ್ತು.

ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಕೈ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು. ಒಲೆ ಹೊತ್ತಿಸುತ್ತಿತ್ತು, ಹಿಟ್ಟು ಕಲಸುತ್ತಿತ್ತು, ಮಾಂಸ ಆಲೂಗಡ್ಡೆ ತುಂಬಿ ಪ್ಯಾಸ್ಟಿ ಮಡಚುತ್ತಿತ್ತು. ಕೆಲವು ಸಲ ಎರಡು ಮಡಚಿ, ಒಂದನ್ನು ಸೀಗಲ್ ಹಕ್ಕಿಗಳಿಗೆ ಎಸೆಯುತ್ತಿತ್ತು. ತಿಂದರೆ ಉಪ್ಪು ಗೊತ್ತಾಗುತ್ತಿತ್ತು, ರುಚಿ ಗೊತ್ತಾಗುತ್ತಿರಲಿಲ್ಲ. ಒಂದೇ ಒಂದು ಪ್ರಶ್ನೆ ಒಳಗೆ ಕೂತಿತ್ತು. ಅದೂ ನೋಯುತ್ತಿರಲಿಲ್ಲ, ಚಪ್ಪಲಿಯೊಳಗಿನ ಕಲ್ಲಿನಂತೆ ಇತ್ತು ಅಷ್ಟೇ. ನೀರು ಒಳಗೆ ಹೋಯಿತೇ? ಅವನಿಗೆ ತಾಗಿತೇ? ಹೊತ್ತವರನ್ನು ಕೇಳಿದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ.

ಅವಳು ಅಂಗಡಿಗೆ ಹೋಗುವ ಹೊತ್ತನ್ನು ಬದಲಿಸಿದ್ದಳು. ಮರಳು ಒಣಗಿರುವಾಗ ಸುಮ್ಮನೆ ಕೂತಿದ್ದು, ನೀರು ತಿರುಗಿ ಒಂದು ಗಂಟೆಯಾದ ಮೇಲೆ ಹೊರಡುತ್ತಿದ್ದಳು. ಸ್ಕರ್ಟು ನೆನೆಯುತ್ತಿತ್ತು. ಅಂಗಡಿಯ ನೆಲ ಒದ್ದೆಯಾಗುತ್ತಿತ್ತು, ಅಂಗಡಿಯವರು ಒರೆಸಿಕೊಳ್ಳುತ್ತಿದ್ದರು.

"ನಿನಗೇನು ಹುಚ್ಚಾ?" ಎಂದು ಲವ್‌ಡೇ ಒಂದು ದಿನ ತಡೆಯಲಾರದೆ ಕೇಳಿದಳು. "ಈ ಚಳೀಲಿ? ಕಾಲು ಮರಗಟ್ಟಲ್ವಾ?"

"ಮರಗಟ್ಟುತ್ತೆ."

"ಮತ್ತೆ?"

"ಮೊದಲೇ ಮರಗಟ್ಟಿದ್ದಕ್ಕೆ ಇನ್ನೇನಾಗುತ್ತೆ ಲವ್‌ಡೇ," ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಹೀಗಿರುವಾಗ ಲವ್‌ಡೇ ಒಂದು ದೊಡ್ಡ ಫ್ರಿಜ್ಜು ಕೊಂಡಳು. ಅದನ್ನು ಮರಳಿನ ಮೇಲೆ ಹೊತ್ತು ತರಲು ಹೆಡ್ಲಿಯನ್ನು ಹೊತ್ತ ಆಳುಗಳೇ ಬರಬೇಕು, ಊರಿನಲ್ಲಿ ಬೇರೆ ಯಾರಿದ್ದಾರೆ? ಇಳಿತ ಚೆನ್ನಾಗಿತ್ತು, ಆದರೂ ಒದ್ದೆ ಮರಳಿನಲ್ಲಿ ಕಾಲು ಹೂತುಹೋಗಿ ಗಾರ್ಫೀಲ್ಡ್ ಏದುಸಿರು ಬಿಡುತ್ತ ಕೆಜ್ಜಿಯ ಮೆಟ್ಟಿಲ ಮೇಲೆ ಕುಕ್ಕರಿಸಿದ. ಅವಳು ಎಲ್ಲರಿಗೂ ಚಹಾ ತಂದುಕೊಟ್ಟಳು.

"ಹಾಳಾದ್ದು, ಇದಕ್ಕಿಂತ ಹೆಡ್ಲೀನೇ ವಾಸಿ," ಎಂದ ಗಾರ್ಫೀಲ್ಡ್ ಮುಖ ಒರೆಸಿಕೊಳ್ಳುತ್ತ.

ಉಳಿದವರು ತಂತಮ್ಮ ಬೂಟು ನೋಡಿಕೊಂಡರು. ಲವ್‌ಡೇ ಅವನನ್ನು ಕಣ್ಣಲ್ಲೇ ಸುಟ್ಟಳು.

"ಯಾಕೆ ವಾಸಿ?" ಎಂದಳು ಕೆಜ್ಜಿ.

ಗಾರ್ಫೀಲ್ಡ್ ಹಿಂದೆ ಸರಿಯುವ ಜಾಗ ಹುಡುಕಿದ. ಇರಲಿಲ್ಲ. "ಫ್ರಿಜ್ಜು ತೇಲಲ್ಲ ಅತ್ತೆ."

"ಅವನು ತೇಲಿದನಾ?"

"ತೋಡಿನ ಹತ್ರ ನೀರು ಬಂತಲ್ಲ, ಆಗ ಕೈಯಲ್ಲಿ ಇದ್ದಕ್ಕಿದ್ದ ಹಾಗೆ ಭಾರವೇ ಇಲ್ಲ. ನಾನು ಬಟ್ಟೆ ಹರೀತು, ಬಿದ್ದೋದ ಅಂದ್ಕೊಂಡೆ. ನೋಡಿದ್ರೆ ಇದ್ದಾನೆ. ನಾವು ಹೊತ್ತಿರಲಿಲ್ಲ ಅತ್ತೆ, ಹಿಡ್ಕೊಂಡಿದ್ವಿ ಅಷ್ಟೇ. ಮತ್ತೆ ಎಳೀತಾನೆ! ನಾವು ಚಾಪೆಲ್ ಕಡೆ ತಿರುಗಿಸಿದ್ರೆ, ಅವನು ಒಳಗಡೆಗೆ, ಗೋಡೆ ಹತ್ರ ಅವನ ಬಳೆ ಇದೆಯಲ್ಲ, ಆ ಕಡೆಗೆ. ದೋಣಿ ತಂದು ಕಟ್ಟೋಕೆ ಹೊರಟವನ ಥರ."

"ಹೌದು, ನನ್ನ ಕಡೆ ತುದೀನೂ ಎಳೀತು," ಎಂದ ಹಿಂದೆ ನಿಂತಿದ್ದವನೊಬ್ಬ ಮೆಲ್ಲಗೆ.

"ನಾನು ಬೈದೆ ಅವನಿಗೆ. ಸತ್ತ ಮೇಲೂ ಚುಕ್ಕಾಣಿ ಬಿಡಲ್ವಲ್ಲೋ ಅಂತ. ಪೂಜೆಯಂಥ ಹೊತ್ತಲ್ಲಿ, ಬಾಯಲ್ಲಿ ಬಂದುಬಿಡ್ತು."

ಕೆಜ್ಜಿಯ ಮೂಗಿನಿಂದ ಒಂದು ಸದ್ದು ಬಂತು. ನಗುವೇ, ನೆಗಡಿಯೇ ಎಂದು ಯಾರಿಗೂ ತಿಳಿಯಲಿಲ್ಲ. ಅವಳು ಚಹಾದ ಕೆಟಲನ್ನು ಕೆಳಗಿಟ್ಟು, ಅಷ್ಟು ವರ್ಷ ಕೇಳದಿದ್ದನ್ನು ಕೇಳಿದಳು.

"ಒಳಗೆ ನೀರು ಹೋಯ್ತಾ ಗಾರ್ಫೀಲ್ಡ್?"

ಅವನು ಚಹಾದ ಲೋಟವನ್ನು ಮೆಟ್ಟಿಲ ಮೇಲಿಟ್ಟ. "ಗೊತ್ತಿಲ್ಲ ಅತ್ತೆ. ಇಲ್ಲ ಅಂದುಬಿಡಬಹುದು. ಗೊತ್ತಿಲ್ಲದ್ದನ್ನ ಹೇಗೆ ಹೇಳಲಿ?"

"ಆಯ್ತು," ಎಂದಳು ಕೆಜ್ಜಿ. "ಬನ್ನು ತಗೋ. ಇನ್ನೊಂದಿದೆ."

ಅಂದಿನಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಪ್ಯಾಸ್ಟಿಗೆ ರುಚಿ ಬರಲಿಲ್ಲ. ಹಲಗೆ ಬರಿದಾಗಿಯೇ ಇತ್ತು. ನೀರು ತಿರುಗಿದ ಮೇಲೇ ಅಂಗಡಿಗೆ ಹೋಗುವುದೂ ನಿಲ್ಲಲಿಲ್ಲ, ಮೊಣಕಾಲು ಬಾರದೆ ಮನೆಯಲ್ಲೇ ಉಳಿಯುವ ತನಕ. ಆದರೆ ಒಂದು ಭಾನುವಾರ ಲವ್‌ಡೇ ಸೂಪು ತಂದಾಗ ಅವಳು ಕುರ್ಚಿಯಿಂದಲೇ ಹೇಳಿದಳು.

"ಲವ್‌ಡೇ, ನಾನು ಹೋದಾಗ ಹಲಗೆ ನೀನು ಬರಿ."

"ಅಯ್ಯೋ, ಈಗ ಯಾಕೆ ಆ ಮಾತು."

"ಪುಸ್ತಕ ನೋಡು. ಅದರಲ್ಲಿ ಗಂಟೆ ಕೂಡಿಸೇ ಇರ್ತಾರೆ, ಗೊತ್ತಲ್ಲ? ಅದಕ್ಕೆ ಇನ್ನೊಂದು ಗಂಟೆ ಕೂಡಿಸು."

"ನೀರು ಬಂದುಬಿಡುತ್ತಲ್ಲೇ."

"ಬರಲಿ."

"ಬೇಡ ಕಣೇ. ಜನ ಏನಂದಾರು?"

"ಒಣಗಿದ ಹಾಗೆ ದಾಟಿಸ್ತೀನಿ ಅಂತ ಅವನಿಗೆ ಮಾತು ಕೊಟ್ಟಿದ್ದೆ. ದಾಟಿಸಲಿಲ್ಲ. ಅವನು ಒದ್ದೆಯಾಗಿ ಹೋಗಿರಬಹುದು, ಹೋಗದೆಯೂ ಇರಬಹುದು, ಯಾರಿಗೂ ಗೊತ್ತಿಲ್ಲ. ನಾನು ಗರಿಗರಿಯಾಗಿ ಇಸ್ತ್ರಿ ಮಾಡಿದ ಹಾಗೆ ಹೋಗಿ ಅವನ ಪಕ್ಕದಲ್ಲಿ ಮಲಗಲಾ? ಯಾವ ಮುಖ ಇಟ್ಕೊಂಡು?"

ಲವ್‌ಡೇ ಸೂಪನ್ನು ಮೇಜಿನ ಮೇಲಿಟ್ಟು ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ಕೆಜ್ಜಿ ಒರೆಸಿಕೊಳ್ಳಲಿಲ್ಲ, ಒರೆಸಿಕೊಳ್ಳಲು ಏನೂ ಇರಲಿಲ್ಲ.

"ಸೂಪಿಗೆ ಉಪ್ಪು ಕಡಿಮೆ," ಎಂದಳು.

"ಸಮುದ್ರದ್ದು ಕುಡಿ ಹೋಗು, ಅದರಲ್ಲಿ ಬೇಕಾದಷ್ಟಿದೆ," ಎಂದಳು ಲವ್‌ಡೇ ಮೂಗು ಸೀಟುತ್ತ. ಅಷ್ಟು ವರ್ಷಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಕೊಂಕು. ಕೆಜ್ಜಿ ತಲೆಯಾಡಿಸಿ ಚಮಚ ಎತ್ತಿಕೊಂಡಳು.

ಅವಳು ಹೋದದ್ದು ಮೇ ತಿಂಗಳಲ್ಲಿ, ಬಂಡೆಯ ಮೇಲೆಲ್ಲ ಗುಲಾಬಿ ಬಣ್ಣದ ಹೂ ಬಿಟ್ಟಾಗ. ಲವ್‌ಡೇ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು ರಕ್ಷಾಪುಟದ ಒಳಗಡೆಯ ಸಣ್ಣ ಅಕ್ಷರ ಓದಿದಳು. ಸಾಲದೆಂದು ಕ್ಲಾರೆನ್ಸನ ಮನೆಗೆ ಹೋಗಿ, "ಕೂಡಿಸಿದ್ದೀರಾ, ಇಲ್ಲವಾ? ಬಾಯಿಬಿಟ್ಟು ಹೇಳು," ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಆಮೇಲೆ ವರ್ಷಗಳ ಉಪ್ಪು ಕಟ್ಟಿದ್ದ ಹಲಗೆಯನ್ನು ತಿಕ್ಕಿ ತೊಳೆದು, ಒಂದು ಗಂಟೆ ತಪ್ಪಾಗಿ ಬರೆದಳು. ಅವಳ ಅಂಕೆ ಸೊಟ್ಟಗಿತ್ತು. ಆದರೂ ಪಡುವಣ ದಡಕ್ಕೆ ಕಾಣುತ್ತಿತ್ತು.

ಪಡುವಣ ದಡದವರು ನೋಡಿದರು. ಗಾಜಿನ ಪೆಟ್ಟಿಗೆಯನ್ನೂ ನೋಡಿದರು. ಯಾರೂ ತಿದ್ದಲಿಲ್ಲ.

ಹೊರುವವರು ತೊಡೆಯವರೆಗಿನ ರಬ್ಬರು ಬೂಟು ಹಾಕಿಕೊಂಡೇ ಬಂದರು. ಚಹಾ ಕುಡಿದರು, ಬನ್ನು ತಿಂದರು. ಈ ಸಲ ಗೋಡೆಯ ಆಚೆ ಒಬ್ಬನನ್ನು ನಿಲ್ಲಿಸಿದ್ದರು. "ತಿರುಗ್ತು," ಎಂದು ಅವನು ಕೂಗಿದ. ಅವಸರವಿಲ್ಲದೆ ಬಾಗಿಲಲ್ಲಿ ನಿಂತು ಪೂರ್ತಿ ಚರಣಗಳನ್ನೂ ಹಾಡಿದರು. "ತೋಡು ತುಂಬ್ತು," ಎಂದು ಅವನು ಮತ್ತೆ ಕೂಗಿದ.

ಗಾರ್ಫೀಲ್ಡ್‌ಗೆ ಈಗ ವಯಸ್ಸಾಗಿತ್ತು, ಆದರೂ ಮುಂದಿನ ಬಟ್ಟೆಯ ತುದಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಬಗ್ಗಿ ಎತ್ತಿದ.

"ಹಗುರ ಇದ್ದಾರೆ," ಎಂದ.

"ಇನ್ನೂ ನೀರಿಗೇ ಇಳಿದಿಲ್ವಲ್ಲೋ," ಎಂದಳು ಲವ್‌ಡೇ. "ಹೊಸಿಲು ಎತ್ತರ ಇದೆ, ನೋಡ್ಕೊಂಡು."

ಅವರು ಹೊಸಿಲನ್ನು ನೋಡಿಕೊಂಡು, ಕೆಜ್ಜಿಯನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದು, ಮನೆಯಿಂದ ಹೊರಗೆ ತಂದು ಹಲಗೆಯ ಮುಂದೆ ಹಾದುಹೋದರು.